ಎಪ್ಪತ್ತು ಪಾಯಿಂಟ್ ಒಂಬತ್ತು

ವಾಡಿಯಿಂದ ಚಿತ್ತಾಪುರದ ಕಡೆ ಹೊರಟರೆ, ಊರು ಮುಗಿದ ಮೇಲೆ ಬಲಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಹೊರಗೆ ಬೋರ್ಡಿಲ್ಲ. ಬೋರ್ಡು ಓದಿ ಒಳಗೆ ಬರುವಂಥ ಜಾಗವೂ ಅದಲ್ಲ. ಕಾರಿನ ಹುಚ್ಚು ಹಿಡಿದವರು, ಮನೆಯವರ ಬಾಯಲ್ಲಿ ಕೆಲಸವಿಲ್ಲದವರು ಅನ್ನಿಸಿಕೊಂಡವರು, ಕಲಬುರಗಿಯಿಂದಲೋ ಹೈದರಾಬಾದಿನಿಂದಲೋ ಕೇಳಿಕೊಂಡು ಬರುತ್ತಾರೆ. ಒಳಗೆ ಶಹಾಬಾದಿನ ಫರಸಿಕಲ್ಲು ಹಾಸಿದ ನೆಲ. ಅದರ ನಡುವೆ ಕಲ್ಲು ಕತ್ತರಿಸಿ ತೋಡಿದ ಗುಂಡಿ, ಗುಂಡಿಯಲ್ಲಿ ಎರಡು ದಪ್ಪ ಉಕ್ಕಿನ ರೋಲರು. ಕಾರಿನ ಗಾಲಿಗಳನ್ನು ರೋಲರಿನ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ಪಟ್ಟಿ ಬಿಗಿದು, ಆಕ್ಸಿಲರೇಟರ್ ತುಳಿದರೆ ಕಾರು ನಿಂತಲ್ಲೇ ಓಡುತ್ತದೆ. ಗಾಲಿಗಳು ರೋಲರನ್ನು ಎಷ್ಟು ಜೋರಿನಲ್ಲಿ ತಿರುಗಿಸಿದವು ಎಂದು ನೋಡಿ ಕಂಪ್ಯೂಟರು ಇಷ್ಟು ಹಾರ್ಸ್‌ಪವರ್ ಎಂದು ಹೇಳುತ್ತದೆ. ಇದಕ್ಕೆ ಡೈನೋ ಅನ್ನುತ್ತಾರೆ.

ಡೈನೋ ಸೂರ್ಯಕಾಂತನದು. ಮೊದಲು ಅದು ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿತ್ತು, ಅದನ್ನು ನೋಡಿಕೊಳ್ಳುವ ನೌಕರಿ ಇವನದಿತ್ತು. ಆ ವಿಭಾಗಕ್ಕೆ ಹುಡುಗರು ಬರುವುದು ನಿಂತು, ಕಾಲೇಜಿನವರು ಬಾಗಿಲು ಹಾಕಿ, ಮಶೀನನ್ನು ಗುಜರಿಗೆ ತೂಗುವ ಹೊತ್ತಿಗೆ ಸೂರ್ಯಕಾಂತ ಅಡ್ಡ ನಿಂತ. ಗುಜರಿಯವನ ದರಕ್ಕೇ ಕೊಂಡು ತಂದ. ಅವನಿಗೀಗ ಐವತ್ನಾಲ್ಕು. ಮದುವೆಯಾಗಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಮೊದಲು ಇಬ್ಬರು ತಂಗಿಯರದ್ದಾಗಲಿ ಎಂದ, ಆಮೇಲೆ ನೌಕರಿ ಕಾಯಂ ಆಗಲಿ ಎಂದ. ಆಗಲಿ ಆಗಲಿ ಎನ್ನುವಷ್ಟರಲ್ಲಿ ಹೆಣ್ಣು ತೋರಿಸಬೇಕಾದ ಹಿರಿಯರೇ ಒಬ್ಬೊಬ್ಬರಾಗಿ ತೀರಿಕೊಂಡರು. ಶೆಡ್ಡಿನ ಹಿಂದಿನ ಒಂದು ಕೋಣೆಯಲ್ಲಿ ಅವನ ವಾಸ.

ಇಂಥವನಿಗೆ ಭೂಮಿಯ ಮೇಲೆ ಒಬ್ಬ ಗೆಳೆಯನಿದ್ದ, ಸೇಡಂನ ಚೌಡೇಶ. ಕಾಗಿಣಾ ದಂಡೆಯ ಮನೆತನ, ಅಜ್ಜನ ಕಾಲದವರು ನದಿಯಲ್ಲಿ ಮೀನು ಹಿಡಿದವರು. ಇವನು ಇಂಜಿನ್ ಹಿಡಿದ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜಿತ್ತು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾರೆ ಮಾಡಿ ನಿಂತರೆ ಮೂರನೆಯ ಸಿಲಿಂಡರಿನಲ್ಲಿ ಏನಾಗಿದೆ ಎಂದು ಹೇಳುತ್ತಿದ್ದ. ಚೌಡೇಶ ಗಾಡಿ ಟ್ಯೂನ್ ಮಾಡಿ ಶಕ್ತಿ ಹೆಚ್ಚಿಸುವುದು, ಸೂರ್ಯಕಾಂತ ಅದನ್ನು ಅಳೆಯುವುದು, ಹೀಗೆ ಹತ್ತಿರಹತ್ತಿರ ನಾಲ್ಕು ವರ್ಷ ಇಬ್ಬರ ಜೋಡಿ ಈ ಭಾಗದಲ್ಲಿ ಹೆಸರು ಮಾಡಿತ್ತು. ಭಾನುವಾರ ಬಂತೆಂದರೆ ಸೂರ್ಯಕಾಂತ ಸೇಡಂಗೆ ಹೋಗುತ್ತಿದ್ದ. ಚೌಡೇಶನ ಹೆಂಡತಿ ರಾಧಿಕಾ ಅವನಿಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿ, 'ಇನ್ನೊಂದು ಹಾಕ್ಕೋರಿ ಅಣ್ಣಾ' ಎಂದು ಎದುರಿಗೇ ಕೂರುತ್ತಿದ್ದಳು. ಅವನಿಗೆ ಇನ್ನೊಂದು ಹಾಕಿಕೊಳ್ಳಿ ಎನ್ನುವವರು ವಾರದಲ್ಲಿ ಅವಳೊಬ್ಬಳೇ.

ಆ ಗೆಳೆತನ ಮುರಿದದ್ದು ಆರು ವರ್ಷದ ಹಿಂದೆ, ಒಂದು ಏಪ್ರಿಲ್ ಮಧ್ಯಾಹ್ನ. ಅಮರನಾಥ ಎಂಬ ಗುತ್ತಿಗೆದಾರನ ಬಿಳಿ ಕಾರು. ಜನವರಿಯಲ್ಲಿ ಅದನ್ನು ಅಳೆದಾಗ ಎಪ್ಪತ್ತೊಂದು ಪಾಯಿಂಟ್ ಎರಡು ಹಾರ್ಸ್‌ಪವರ್ ಬಂದಿತ್ತು. ಚೌಡೇಶ ಮೂರು ತಿಂಗಳು ಅದರ ಇಂಜಿನ್ ಬಿಚ್ಚಿ, ಉಜ್ಜಿ, ಕೂಡಿಸಿ, ತನ್ನ ಕೈಯಾರೆ ಮಾಡಬಹುದಾದದ್ದನ್ನೆಲ್ಲ ಮಾಡಿ ತಂದಿದ್ದ. ಅಮರನಾಥ, ಅವನ ಜೊತೆ ಬಂದ ನಾಲ್ವರು, ಎಲ್ಲರೂ ಗುಂಡಿಯ ಸುತ್ತ ಎಳೆದ ಹಳದಿ ಗೆರೆಯ ಆಚೆ ನಿಂತಿದ್ದರು. ಚೌಡೇಶ ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿದ.

"ಜನವರಿಗಿಂತ ಎರಡರ ಮ್ಯಾಲ ಜಾಸ್ತಿ ಬರ್ತದ ನೋಡು ಸೂರ್ಯಾ. ಕಡಿಮಿ ಬಂದ್ರ ಕೇಳು" ಎಂದ.

ಬಂದದ್ದು ಎಪ್ಪತ್ತು ಪಾಯಿಂಟ್ ಒಂಬತ್ತು. ಮೊದಲಿಗಿಂತಲೂ ಕಡಿಮೆ. ಸೂರ್ಯಕಾಂತ ತನ್ನ ಪದ್ಧತಿಯಂತೆ ಮೂರು ಸಲ ಓಡಿಸಿದ. ಮೂರು ಸಲವೂ ಅಷ್ಟೇ.

"ಮಶೀನ್‌ದಾಗ ಏನೋ ಗಲತ್ ಅದ" ಎಂದ ಚೌಡೇಶ. "ಗಾಡಿ ಎಳಿಯಾಕತ್ತಿದ್ದು ನನಗ ಕೇಳ್ತದ."

ಆಗ ಸೂರ್ಯಕಾಂತ ಸುಮ್ಮನಿರಬಹುದಿತ್ತು. ನಾಳೆ ನೋಡೋಣ ಎನ್ನಬಹುದಿತ್ತು. ಆದರೆ ಮಶೀನಿನ ಮೇಲೆ ಮಾತು ಬಂದರೆ ಅವನಿಗೆ ತನ್ನ ತಾಯಿಯ ಮೇಲೆ ಮಾತು ಬಂದಷ್ಟು ಸಿಟ್ಟು. "ಮಶೀನಿಗಿ ಯಾರ ಮುಲಾಜೂ ಇಲ್ಲ ಚೌಡ್ಯಾ. ನಿನ್ನ ಕಿವಿಗಿ ವಯಸ್ಸಾಗ್ಯಾದ, ಒಪ್ಪಕೊ" ಎಂದುಬಿಟ್ಟ. ಗೆರೆಯ ಆಚೆ ನಿಂತವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಚೌಡೇಶ ಪಟ್ಟಿಗಳನ್ನು ತಾನೇ ಬಿಚ್ಚಿದ, ಕಾರನ್ನು ಹೊರಗೆ ತಂದು ನಿಲ್ಲಿಸಿ ಬೀಗದಕೈ ಅಮರನಾಥನ ಕೈಯಲ್ಲಿಟ್ಟ, ರಸ್ತೆಗೆ ಹೋಗಿ ಸೇಡಂ ಬಸ್ಸಿಗೆ ಕೈ ಮಾಡಿದ.

ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದುಕೊಂಡ ಸೂರ್ಯಕಾಂತ. ತಾನೂ ಆ ಭಾನುವಾರ ಸೇಡಂಗೆ ಹೋಗಲಿಲ್ಲ, ಮುಂದಿನ ಭಾನುವಾರವೂ ಹೋಗಲಿಲ್ಲ. ಒಂದು ತಿಂಗಳಿಗೆ ಫೋನ್ ಮಾಡಿದ. ಪೂರ್ತಿ ರಿಂಗಾಗಿ ನಿಂತಿತು, ಆ ಕಡೆಯಿಂದ ತಿರುಗಿ ಬರಲಿಲ್ಲ. ಇಷ್ಟು ಬಿಗುಮಾನವೇ, ಇರಲಿ ಎಂದು ಇವನೂ ಬಿಗಿದುಕೊಂಡ. ಆಮೇಲೆ ಯಾರೋ ಗಿರಾಕಿ, ಚೌಡೇಶ ಗ್ಯಾರೇಜಿನ ಪಾನಾ ಪಕ್ಕಡ ಎಲ್ಲ ಮಾರಿ ಸೇಡಂ ಬಿಟ್ಟನಂತೆ ಎಂದ. ಕೇಳಿದ ದಿನ ಸೂರ್ಯಕಾಂತ ಅಡಿಗೆ ಮಾಡಲಿಲ್ಲ.

ಆರು ವರ್ಷ ಹೇಗೆ ಹೋದವು ಎಂದರೆ, ಹೋದವು. ಈಗ ಟ್ಯೂನ್ ಮಾಡುವವರು ಹೈದರಾಬಾದಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ, ಕಿವಿಗೆ ಮುಚ್ಚಳ ಹಾಕಿಕೊಂಡು ಕೂರುತ್ತಾರೆ, ಕಾಗದ ತೆಗೆದುಕೊಂಡು ಹೋಗುತ್ತಾರೆ. ಕೆಲವು ವಾರ ಸೂರ್ಯಕಾಂತನ ಬಾಯಿಂದ 'ಬ್ರೇಕ್ ಬಿಡ್ರಿ', 'ಸಾಕ್ರಿ' ಎಂಬ ಎರಡು ಮಾತು ಬಿಟ್ಟರೆ ಬೇರೆ ಹೊರಡುವುದಿಲ್ಲ. ಭಾನುವಾರಗಳಲ್ಲಿ ಅವನು ರೋಲರಿಗೆ ಗ್ರೀಸ್ ಹಾಕುತ್ತಾನೆ. ರೋಲರಿಗೆ ಪ್ರತಿ ವಾರ ಗ್ರೀಸ್ ಬೇಕಾಗಿಲ್ಲ, ಅದು ಅವನಿಗೂ ಗೊತ್ತು.

ಈ ವರ್ಷದ ಏಪ್ರಿಲ್‌ನಲ್ಲಿ ಶಹಾಬಾದಿನಿಂದ ಫಿರ್ದೋಸ್ ಎಂಬಾಕೆ ಬಂದಳು. ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ. ಹೈದರಾಬಾದಿನ ಹೊರಗೆ ನಡೆಯುವ ಕಾರು ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಸೋಮವಾರ ತನ್ನ ಕಾರನ್ನು ಅಳೆಸಿದಳು, ಅರವತ್ತೆರಡು ಪಾಯಿಂಟ್ ನಾಲ್ಕು ಬಂತು. ಗುರುವಾರ ಲ್ಯಾಪ್‌ಟಾಪಿನವನೊಬ್ಬನನ್ನು ಕರೆದುಕೊಂಡು ಟ್ಯೂನಿಂಗಿಗೆ ಮತ್ತೆ ಬಂದಳು. ಟ್ಯೂನ್ ಮಾಡುವ ದಿನ ಮುಟ್ಟುವ ಮೊದಲು ಇನ್ನೊಮ್ಮೆ ಅಳೆಯುವುದು ಸೂರ್ಯಕಾಂತನ ಪದ್ಧತಿ. ಅಳೆದ. ಅರವತ್ನಾಲ್ಕು ಪಾಯಿಂಟ್ ಐದು ಬಂತು.

"ಸರ್, ನಡುವ ಬಾನೆಟ್ ಯಾರೂ ತೆಗದಿಲ್ಲ. ಪೆಟ್ರೋಲ್ ಸುದ್ಧಾ ಅದೇ ಅದ. ಎರಡರಾಗ ಯಾವದು ಖರೆ?" ಎಂದು ಕೇಳಿದಳು ಫಿರ್ದೋಸ್.

"ಅಷ್ಟು ಹೆಚ್ಚು ಕಡಿಮಿ ಇರ್ತದ್ರಿ ಮೇಡಂ."

"ಮೂರು ಸಲ ಓಡಿಸಿದ್ರಿ, ಮೂರು ಸಲನೂ ಒಂದೇ ಬಂತು. ಹೆಚ್ಚು ಕಡಿಮಿ ಇರೋ ಮಶೀನ್ ಹಂಗ ಮಾಡಂಗಿಲ್ಲ." ಆಕೆ ಎರಡೂ ಕಾಗದಗಳನ್ನು ಪಕ್ಕಪಕ್ಕ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದಳು. ಹುಡುಗರ ಉತ್ತರಪತ್ರಿಕೆ ತಿದ್ದುವವರಿಗೆ ಮಾತ್ರ ಇರುವ ತಾಳ್ಮೆ ಅದು. ಕೊನೆಯ ಸಣ್ಣಕ್ಷರದ ಸಾಲಿನಲ್ಲಿ ಬೆರಳು ನಿಂತಿತು. "ಇಲ್ಲಿ ಗಾಳಿ ಉಷ್ಣತೆ ಅಂತ ಅದ ನೋಡ್ರಿ. ಇವತ್ತು ನಲವತ್ಮೂರು. ಸೋಮವಾರ ಇಪ್ಪತ್ತಾರು. ಏಪ್ರಿಲ್‌ದಾಗ ನಮ್ಮ ವಾಡಿದಾಗ ಇಪ್ಪತ್ತಾರು ಡಿಗ್ರಿ ಎಲ್ಲಿತ್ರಿ ಸರ್? ನಮಗೂ ಹೇಳ್ರಿ, ಅಲ್ಲೇ ಬಂದು ಕುಂದ್ರತೀವಿ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬಿಸಿಗಾಳಿ ತೆಳು. ಅದನ್ನು ಉಸಿರಾಡಿದ ಇಂಜಿನ್ನಿಗೆ ಬೇಸಿಗೆಯಲ್ಲಿ ಶಕ್ತಿ ಕಡಿಮೆ. ಹಾಗೆಂದು ಜನವರಿಯಲ್ಲಿ ಅಳೆದವನಿಗೆ ಒಂದು ನ್ಯಾಯ, ಏಪ್ರಿಲ್‌ನಲ್ಲಿ ಅಳೆದವನಿಗೆ ಒಂದು ನ್ಯಾಯ ಆಗಬಾರದಲ್ಲ. ಅದಕ್ಕೆ ಗೋಡೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಇರುತ್ತದೆ. ಅದು ಗಾಳಿ ಎಷ್ಟು ಬಿಸಿ ಇದೆ ಎಂದು ನೋಡಿ ಮಶೀನಿಗೆ ಹೇಳುತ್ತದೆ, ಬಿಸಿ ಹೆಚ್ಚಿದ್ದಷ್ಟೂ ಮಶೀನು ಬಂದ ಅಂಕಿಗೆ ಒಂದಿಷ್ಟು ಕೂಡಿಸಿ ಸರಿಮಾಡುತ್ತದೆ. ಡಬ್ಬಿಯನ್ನು ಬಿಸಿಲು ತಾಗದ ಗೋಡೆಗೆ ಹಚ್ಚಬೇಕು ಎಂದು ಪುಸ್ತಕದಲ್ಲಿ ಬರೆದಿದೆ. ಸೂರ್ಯಕಾಂತ ಉತ್ತರದ ಗೋಡೆಗೆ ಹಚ್ಚಿದ್ದ. ಸರಿಯಾಗಿಯೇ ಹಚ್ಚಿದ್ದ.

ಯುಗಾದಿ ಕಳೆಯಿತೆಂದರೆ ಬಂದವರಿಗೆ ಕುಡಿಯಲು ಒಂದು ದೊಡ್ಡ ಮಣ್ಣಿನ ಹರವಿಯಲ್ಲಿ ನೀರು ಇಡುವುದು ಅವನ ತಾಯಿಯ ಕಾಲದಿಂದ ಬಂದ ಪದ್ಧತಿ. ಅವಳು ಸಾಯುವವರೆಗೂ ಮನೆಯ ಮುಂದೆ ಇಟ್ಟಳು, ಇವನು ಶೆಡ್ಡಿನಲ್ಲಿ ಇಡುತ್ತಾನೆ. ನೀರು ತಂಪಾಗಿರಲಿ ಎಂದು ಹರವಿಗೆ ಗೋಣಿತಟ್ಟು ಸುತ್ತಿ, ತಾಸಿಗೊಮ್ಮೆ ತಟ್ಟಿಗೆ ನೀರು ಚಿಮುಕಿಸುತ್ತಾನೆ. ನೆರಳು ಬೇಕಲ್ಲ, ಅದಕ್ಕೆ ಹರವಿಯ ಜಾಗವೂ ಉತ್ತರದ ಗೋಡೆಯೇ. ಎತ್ತರದ ಕಟ್ಟೆಯ ಮೇಲೆ, ತಟ್ಟು ತಾಗುವಷ್ಟು ಹತ್ತಿರ, ಸರಿಯಾಗಿ ಆ ಡಬ್ಬಿಯ ಕೆಳಗೆ. ಮಳೆ ಬಿದ್ದೊಡನೆ ತೆಗೆದಿಡುತ್ತಾನೆ. ನಡುವಿನ ಮಂಗಳವಾರ ಒಂದು ಕೋತಿ ಒಳಗೆ ನುಗ್ಗಿ, ನೀರು ಕುಡಿಯುವ ಭರದಲ್ಲಿ ಹರವಿ ಉರುಳಿಸಿ ಒಡೆದು ಹಾಕಿತ್ತು.

ಸೂರ್ಯಕಾಂತ ಎದ್ದು ಗೋಡೆಯ ಹತ್ತಿರ ಹೋದ. ಡಬ್ಬಿಯ ಸುತ್ತ ಗೋಡೆಗೆ ವರ್ಷವರ್ಷ ಹಸಿ ಹಿಡಿದ ಕಲೆ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೇಸಿಗೆಯಿಡೀ ಒದ್ದೆ ತಟ್ಟಿನ ತಂಪು ಕುಡಿದ ಆ ಡಬ್ಬಿ, ಇಲ್ಲಿ ತಂಪಿದೆ, ಏನೂ ಕೂಡಿಸಬೇಡ ಎಂದು ಮಶೀನಿಗೆ ಹೇಳುತ್ತಲೇ ಬಂದಿತ್ತು. ಅತ್ತ ಬಾಗಿಲ ಕಡೆ ನಿಂತ ಕಾರು ಉಸಿರಾಡಿದ್ದು ನಲವತ್ಮೂರರ ಗಾಳಿ.

"ಇವತ್ತಿಂದೇ ಖರೆರಿ ಮೇಡಂ. ಸೋಮವಾರದ್ದು ಹರದು ಒಗೀರಿ" ಎಂದ. ಆಕೆ ಇನ್ನೂ ಏನೋ ಕೇಳಿದಳು, ಅವನು ಕೇಳಿಸಿಕೊಳ್ಳಲಿಲ್ಲ. ಟ್ಯೂನಿಂಗ್ ಮುಗಿಸಿ ಆಕೆ ಹೊರಟಾಗ ಹೋಗಿ ಬರ್ರಿ ಎನ್ನುವುದನ್ನೂ ಮರೆತ.

ಮರುದಿನ ಮುಂಜಾನೆ ಸಂತೆಯಿಂದ ಹೊಸ ಹರವಿ ತಂದ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ತನ್ನ ಹಳೆಯ ಚಿಕ್ಕ ಕಾರನ್ನು ರೋಲರಿನ ಮೇಲೆ ಹತ್ತಿಸಿ, ತಾನೇ ಪಟ್ಟಿ ಬಿಗಿದು, ತಾನೇ ಕುಳಿತು ತುಳಿದ. ಮೂವತ್ತೊಂದು ಬಂತು. ಹರವಿಗೆ ಒದ್ದೆ ತಟ್ಟು ಸುತ್ತಿ ಡಬ್ಬಿಯ ಕೆಳಗಿಟ್ಟು ಒಂದು ತಾಸು ಕಾದ. ಮತ್ತೆ ತುಳಿದ. ಮೂವತ್ತು ಬಂತು. ನಡುವೆ ಅವನು ಊಟ ಮಾಡಿರಲಿಲ್ಲ, ನೀರು ಕುಡಿದಿರಲಿಲ್ಲ. ಪಕ್ಕದಲ್ಲಿ ಹರವಿ ತುಂಬ ತಂಪು ನೀರಿತ್ತು, ಅದನ್ನು ಮುಟ್ಟುವ ಮನಸ್ಸಾಗಲಿಲ್ಲ.

ಕಪಾಟಿನಿಂದ ಹಳೆಯ ಫೈಲು ತೆಗೆದ. ಅಮರನಾಥನ ಕಾರಿನ ಕಾಗದ ಸಿಕ್ಕಿತು. ಎಪ್ಪತ್ತು ಪಾಯಿಂಟ್ ಒಂಬತ್ತು, ಕೆಳಗೆ ಸಣ್ಣಕ್ಷರದಲ್ಲಿ ಇಪ್ಪತ್ತಾರು ಡಿಗ್ರಿ. ಕಣ್ಣೆದುರಿಗೇ ಇತ್ತು. ಕಾರಿನ ಕಾಗದ ಓದಿ ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಕಾಗದದ ಕೊನೆಯ ಸಾಲು ಓದಿರಲಿಲ್ಲ. ಅವತ್ತೂ ಇಂಥದೇ ನಲವತ್ಮೂರರ ಬಿಸಿಲು. ಇಪ್ಪತ್ತಾರರ ಜಾಗಕ್ಕೆ ನಲವತ್ಮೂರು ಹಾಕಿ ಕ್ಯಾಲ್ಕುಲೇಟರಿನಲ್ಲಿ ಗುಣಿಸಿದ. ಎಪ್ಪತ್ಮೂರು ಪಾಯಿಂಟ್ ಮೂರು. ಜನವರಿಗಿಂತ ಎರಡು ಪಾಯಿಂಟ್ ಒಂದು ಹೆಚ್ಚು. ಚೌಡೇಶ ಕಣ್ಣು ಮುಚ್ಚಿ ಕೇಳಿ, ಎರಡರ ಮೇಲೆ ಎಂದಿದ್ದ. ಸೂರ್ಯಕಾಂತ ಕಾಗದದ ಮೇಲೆ ಕೈ ಊರಿಕೊಂಡು ಅತ್ತ. ತಾಯಿ ಸತ್ತ ಮೇಲೆ ಅವನು ಅತ್ತಿದ್ದು ಅದೇ ಮೊದಲು.

ಮೊದಲು ಅಮರನಾಥನಿಗೆ ಫೋನ್ ಮಾಡಿದ. ಅವನ ಎದುರಿಗೆ ಆಡಿದ ಮಾತನ್ನು ಅವನ ಎದುರಿಗೇ ಹಿಂದೆ ತೆಗೆದುಕೊಳ್ಳಬೇಕು ಎಂಬುದು ಇವನ ಲೆಕ್ಕ.

"ಯಾವ ಗಾಡೀರಿ?" ಎಂದ ಅಮರನಾಥ. "ಹಾಂ, ಆ ಬಿಳೇದು. ಅದನ್ನ ಅದೇ ದೀಪಾವಳಿಗಿ ಮಾರಿಬಿಟ್ಟೆ. ಚೌಡೇಶ ಅಂದ್ರ ಯಾರ್ರಿ? ನೆನಪಾಗವಲ್ದು." ಆಮೇಲೆ ಇವನಿಗೆ ಬೇಜಾರಾದೀತೆಂದು, "ಆದ್ರೂ ಫೋನ್ ಮಾಡಿದ್ರಿ, ಚಲೋ ಆತು" ಎಂದು ಇಟ್ಟ.

ಭಾನುವಾರ ಮುಂಜಾನೆ ಸೂರ್ಯಕಾಂತ ಇಸ್ತ್ರಿ ಅಂಗಿ ಹಾಕಿಕೊಂಡು ಚಿಕ್ಕ ಕಾರು ತೆಗೆದ. ಚಿತ್ತಾಪುರ ದಾಟಿ ಸೇಡಂ ಮುಟ್ಟಿದ. ಗ್ಯಾರೇಜಿದ್ದ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ. ಪಕ್ಕದ ಚಹಾದಂಗಡಿಯ ಭೀಮಬಾಯಿ ಇನ್ನೂ ಅಲ್ಲೇ ಇದ್ದಳು, ನೋಡಿದೊಡನೆ ಗುರುತು ಹಿಡಿದಳು.

"ಆರು ವರ್ಷಕ್ಕ ನೆನಪಾತೇನ್ರಿ? ಸುಲೇಪೇಟದಾಗ ಹಿಟ್ಟಿನ ಗಿರಣಿ ಹಾಕ್ಯಾರ. ರಾಧಿಕಾನ ತವರು ಅಲ್ಲೇ ಅಲಾ? ಹೋಗ್ರಿ, ಬಸ್‌ಸ್ಟ್ಯಾಂಡ್ ಬಾಜೂಕೇ ಅದ." ಚಹಾ ಕೊಟ್ಟು, ರೊಕ್ಕ ತೆಗೆದುಕೊಳ್ಳದೆ, "ಬೈದ್ರ ಬೈಸ್ಕೋರಿ" ಎಂದಳು.

ಬೈಸಿಕೊಳ್ಳಲು ಅವನು ತಯಾರಾಗಿಯೇ ಹೊರಟಿದ್ದ. ಸುಲೇಪೇಟದ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ. ಚೌಡ್ಯಾ, ತಪ್ಪು ನಂದು, ಮಶೀನ್ ಗಲತ್ ಇತ್ತು, ನಿನ್ನ ಕೈ ಬರೋಬರಿ ಇತ್ತು. ಬೈಯಲಿ. ಹೊಡೆದರೂ ಹೊಡೆಯಲಿ. ಹೊಡೆದು, ಹೊಟ್ಟೆ ತಣ್ಣಗಾದ ಮೇಲೆ, ಊಟ ಮಾಡು ಅಂದರೆ ಸಾಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಇನ್ನುಳಿದ ಆಯುಷ್ಯದ ಭಾನುವಾರಗಳನ್ನು ಗ್ರೀಸ್ ಹಾಕುತ್ತ ಕಳೆಯುವುದು ಅವನಿಂದ ಆಗದು.

ಗಿರಣಿಯ ಸದ್ದು ರಸ್ತೆಗೇ ಕೇಳುತ್ತಿತ್ತು. ಒಳಗೆ ದೊಡ್ಡ ಮೋಟರು, ಪಟಪಟ ಬಡಿಯುವ ಬೆಲ್ಟು, ಜೋಳದ ಡಬ್ಬಿ ಹಿಡಿದು ನಿಂತ ಏಳೆಂಟು ಹೆಂಗಸರು. ತಕ್ಕಡಿಯ ಹತ್ತಿರ ರಾಧಿಕಾ. ರೆಪ್ಪೆಯ ಮೇಲೆಲ್ಲ ಹಿಟ್ಟು. ಅವಳು ಇವನನ್ನು ನೋಡಿ ಸ್ಟೂಲು ಒರೆಸಿ ಮುಂದೆ ತಳ್ಳಿದಳು. "ಬರ್ರಿ ಅಣ್ಣಾ, ಕುಂದ್ರಿ" ಎಂದದ್ದು ತುಟಿಯಿಂದ ಗೊತ್ತಾಯಿತು. ಬೀಸುವ ಕಲ್ಲಿನ ಹತ್ತಿರ ಬೆನ್ನು ಮಾಡಿ ನಿಂತಿದ್ದ ಚೌಡೇಶ ತಿರುಗಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಟ್ಟೋ ಕೂದಲೋ ಹೇಳಲಾಗದು.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಮೋಟರು ಕೊಸರಾಡಿ ನಿಂತಿತು, ಬೆಲ್ಟು ಎರಡು ಸಲ ಬಡಿದು ಸುಮ್ಮನಾಯಿತು. ಇಂಥ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎನ್ನಿಸಿ ಸೂರ್ಯಕಾಂತ ಎದ್ದು ಹತ್ತಿರ ಹೋದ. ಹೆಂಗಸರಿಗೆ ಕೇಳಿಸದಂತೆ, ಬಾಯಿಪಾಠ ಮಾಡಿದ್ದನ್ನು ಮೆಲ್ಲಗೆ ಹೇಳಿದ.

ಚೌಡೇಶ ಅವನ ಬಾಯನ್ನೇ ನೋಡಿದ. "ಆಂ? ಏನಂದಿ? ಜೋರ ಹೇಳು."

ಇನ್ನೊಮ್ಮೆ ಹೇಳಿದ. ಚೌಡೇಶ ಬಲಗಿವಿಯನ್ನು ಇತ್ತ ತಿರುಗಿಸಿ, ಅದಕ್ಕೆ ಅಂಗೈ ಹಿಡಿದು ಬಾಗಿದ.

"ಅವರಿಗಿ ಕೇಳಂಗಿಲ್ಲ ಅಣ್ಣಾ" ಎಂದಳು ರಾಧಿಕಾ. "ಎಡಗಡಿದು ಪೂರಾ ಹೋಗ್ಯಾದ. ಬಲಗಡಿದು ಚೀರಿದ್ರ ಅಷ್ಟಿಷ್ಟು. ಮೊದ್ಲೇ ಇಂಜಿನ್ ಸದ್ದು, ಅದರ ಮ್ಯಾಲ ಆರು ವರ್ಷ ಈ ಗಿರಣಿ. ಡಾಕ್ಟರು ಇನ್ನ ಬರಂಗಿಲ್ಲ ಅಂದಾರ."

ಸೂರ್ಯಕಾಂತ ಅವನ ಕಿವಿಯನ್ನೇ ನೋಡಿದ. ಅವತ್ತು ತಾನು ಆಡಿದ ಮಾತು ಸುಳ್ಳಾಗಿತ್ತು. ಇವತ್ತು ಅದು ಖರೆಯಾಗಿ, ಹಿಟ್ಟು ಮೆತ್ತಿಕೊಂಡು ಎದುರಿಗೆ ನಿಂತಿತ್ತು. ಖರೆ ಮಾಡಿದವನು ತಾನೇ. ಓಡಿ ಹೋಗಿ ಕಾರಿನಲ್ಲಿ ಕೂರೋಣ ಅನ್ನಿಸಿತು. ಆದರೆ ಚೌಡೇಶ ಕಿವಿಗೆ ಕೈ ಹಿಡಿದು ಬಾಗಿಯೇ ನಿಂತಿದ್ದ.

"ತಪ್ಪು ನಂದು" ಎಂದು ಸೂರ್ಯಕಾಂತ ಚೀರಿದ. ಮೋಟರಿಲ್ಲದ ಗಿರಣಿಯಲ್ಲಿ ಅದು ಬಸ್‌ಸ್ಟ್ಯಾಂಡಿನವರೆಗೂ ಹೋಗಿರಬೇಕು. "ಅಮರನಾಥನ ಗಾಡಿ. ಮಶೀನ್ ಗಲತ್ ಇತ್ತು. ನಾ ಇಟ್ಟ ನೀರಿನ ಹರವಿಯಿಂದ ಗಲತ್ ಆಗಿತ್ತು. ನಿನ್ನ ಕಿವಿ ಬರೋಬರಿ ಇತ್ತು."

"ಯಾರಿಗವ್ವಾ ಇಂವ ಬೈಯಾಕತ್ತಾನ?" ಎಂದು ಹಿಂದೆ ಒಬ್ಬಳು ಕೇಳಿದಳು.

"ಬೈಯಾಕತ್ತಿಲ್ಲ. ತಪ್ಪು ಒಪ್ಪಕೊಳ್ಳಾಕತ್ತಾನ" ಎಂದಳು ಇನ್ನೊಬ್ಬಳು.

ಅರ್ಧ ಕೇಳಿಸಿತೋ, ಪೂರ್ತಿ ಕೇಳಿಸಿತೋ, ಚೌಡೇಶನ ಕೈ ಕಿವಿಯಿಂದ ಇಳಿಯಿತು. "ಖರೆ ಎಷ್ಟಿತ್ತು?" ಎಂದು ಕೇಳಿದ.

ತಕ್ಕಡಿಯ ಮೇಜಿನ ಮೇಲೆ ಒಂದು ಪದರು ಹಿಟ್ಟಿತ್ತು. ಸೂರ್ಯಕಾಂತ ಬೆರಳಿನಿಂದ ಅದರಲ್ಲಿ ಎಪ್ಪತ್ಮೂರು ಪಾಯಿಂಟ್ ಮೂರು ಎಂದು ಅಂಕಿಯಲ್ಲಿ ಬರೆದ. ಚೌಡೇಶ ಅದನ್ನು ಬಹಳ ಹೊತ್ತು ನೋಡಿದ. ತುಟಿಯಲ್ಲೇ ಅದರಿಂದ ಜನವರಿಯ ಅಂಕಿ ಕಳೆದ. ಎರಡು ಬೆರಳು ಎತ್ತಿ ಹೆಂಡತಿಗೆ ತೋರಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ತಿರುಗಿದಳು.

"ಇಷ್ಟು ದಿನ ನಾ ನಿನ್ನ ಮ್ಯಾಲ ಸಿಟ್ಟಾಗೀನಿ ಅಂತ ತಿಳಕೊಂಡಿದ್ಯೇನೋ?" ಎಂದ ಚೌಡೇಶ. ಅವನ ದನಿಯಲ್ಲಿ ಏರಿಳಿತ ಹೋಗಿತ್ತು, ಕಿವಿ ಕೇಳದವರ ದನಿ. "ಸಿಟ್ಟು ಬಂದಿದ್ರ ಮರುದಿನಾನೇ ಬಂದು ನಿನ್ನ ಅಂಗಿ ಹಿಡಿತಿದ್ದೆ. ಇಕಿ ಹೇಳಿದಳು, ಹೈದರಾಬಾದಿಗಿ ಒಯ್ರಿ, ಇನ್ನೊಂದು ಮಶೀನ್ ಮ್ಯಾಲ ನೋಡ್ರಿ ಅಂತ. ನಾನೇ ಬ್ಯಾಡಂದೆ. ಯಾಕ ನೋಡಬೇಕು? ಸೂರ್ಯಾ ಮೂರು ಸಲ ನೋಡ್ಯಾನ. ಅಂವ ಹೇಳ್ಯಾನಂದ್ರ ನನ್ನ ಕಿವಿ ಹೋತು ಅಂತ ತಿಳಕೊಂಡೆ. ಹೋದ ಕಿವಿ ಇಟ್ಟುಕೊಂಡು ಮಂದಿ ಗಾಡಿ ಮುಟ್ಟಬಾರದಂತ ಬಿಟ್ಟೆ. ನಿನ್ನ ಫೋನ್ ಬಂದಾಗ ನಾಚಿಕಿ ಆತು, ಎತ್ತಲಿಲ್ಲ." ಅಂಕಿಯ ಮೇಲಿನಿಂದ ಕಣ್ಣೆತ್ತಿದ. "ನಾ ನಿನ್ನ ನಂಬಿದೆ ಸೂರ್ಯಾ."

ಬೈಗುಳಕ್ಕೆ ಸೂರ್ಯಕಾಂತನ ಹತ್ತಿರ ಉತ್ತರವಿತ್ತು. ಏಟಿಗೆ ಬೆನ್ನಿತ್ತು. ಆದರೆ ತಾನು ಗೆಳೆಯನ ಕಿವಿಗಿಂತ ಮಶೀನನ್ನು ನಂಬಿದ ದಿನವೇ ಅವನು ತನ್ನ ಕಿವಿಗಿಂತ ಇವನನ್ನು ನಂಬಿದ್ದ.

ಕರೆಂಟ್ ಬಂತು. ಕಾದು ನಿಂತಿದ್ದ ಹೆಂಗಸರು ಡಬ್ಬಿ ಸದ್ದು ಮಾಡಿದರು. ರಾಧಿಕಾ ಒಲ್ಲದ ಮನಸ್ಸಿನಿಂದ ಸ್ಟಾರ್ಟರ್ ಒತ್ತಿದಳು. ಮೋಟರು ಎದ್ದಿತು, ಬೆಲ್ಟು ಬಡಿಯಿತು, ಗಿರಣಿಯ ತುಂಬ ಸದ್ದು ನಿಂತುಕೊಂಡಿತು. ಚೌಡೇಶನಿಗೆ ಅದರಿಂದ ಏನೂ ಬದಲಾಗಲಿಲ್ಲ. ಅವನು ಅದೇ ಏರಿಳಿತವಿಲ್ಲದ ದನಿಯಲ್ಲಿ, ಹಿಟ್ಟಿನ ಮೇಲಿನ ಅಂಕಿಯನ್ನೂ ಸೂರ್ಯಕಾಂತನ ಮುಖವನ್ನೂ ನೋಡುತ್ತ ಇನ್ನೂ ನಾಲ್ಕೈದು ಮಾತು ಆಡಿದ. ತುಟಿ ಅಲುಗಿದ್ದು ಕಂಡಿತು. ಒಂದು ಸಲ ಸಣ್ಣಗೆ ನಕ್ಕಂತೆಯೂ ಕಂಡಿತು. ಏನೆಂದನೋ ಸೂರ್ಯಕಾಂತನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಬಾ ಎಂದನೋ, ಇನ್ನು ಬರಬೇಡ ಎಂದನೋ.

"ಏನಂದಿ ಚೌಡ್ಯಾ?" ಎಂದು ಚೀರಿದ. ಚೌಡೇಶನಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಚೀರಿದ. ಚೌಡೇಶ ಮಾತು ಮುಗಿಸಿ, ಉತ್ತರಕ್ಕೆ ಕಾಯುವವನಂತೆ ಅವನನ್ನೇ ನೋಡುತ್ತ ನಿಂತ. ಅವನ ಕೈಲಿ ಮತ್ತೆ ಹೇಳಿಸುವ ಧೈರ್ಯ ಸೂರ್ಯಕಾಂತನಿಗೆ ಬರಲಿಲ್ಲ. ಹೂಂ ಎಂದು ತಲೆಯಾಡಿಸಿದ.

ತಲೆಯಾಡಿಸಿದ್ದನ್ನು ನೋಡಿ ಚೌಡೇಶನೂ ತಲೆಯಾಡಿಸಿದ. ಬೆನ್ನು ತಿರುಗಿಸಿ ಮುಂದಿನವಳ ಜೋಳದ ಡಬ್ಬಿಗೆ ಕೈ ಹಾಕಿದ.